ನಿಮ್ಮೂರಿನ ಎಕರೆ ಪಕ್ಕದೂರಿನಷ್ಟು ಯಾಕೆ ಕೊಡುವುದಿಲ್ಲ: ಅಳೆದು ತಿಳಿಯುವ ಬಗೆ

ಹೋದ ವರ್ಷ ಊರಹಬ್ಬಕ್ಕೆ ಅಣ್ಣನ ಮಗ ಬೆಂಗಳೂರಿನಿಂದ ಬಂದಿದ್ದ. ಅವನು ಕಟ್ಟಡ ಗುತ್ತಿಗೆದಾರ. ಊಟ ಮುಗಿಸಿ ಜಗಲಿ ಮೇಲೆ ಕೂತಾಗ ಮಾತು ರಾಯಚೂರಿನ ಕಡೆ ಹೊರಳಿತು. "ಆ ಕಡೆ ಜನ ಮೈ ಬಗ್ಗಿಸಲ್ಲ ಚಿಕ್ಕಪ್ಪ, ಅದಕ್ಕೇ ಹಂಗೇ ಉಳಕೊಂಡವ್ರೆ" ಅಂದ. "ನಿನ್ನ ಸೈಟಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಯಾವೂರೋರು ಬರ್ತಾರೆ ಮಗ?" ಅಂತ ಕೇಳಿದೆ. "ದೇವದುರ್ಗದ ಕಡೆಯೋರು. ಬೆಳಗ್ಗೆ ನಿಂತರೆ ರಾತ್ರಿ ಎಂಟಾದ್ರೂ ದಣಿವು ಅನ್ನಲ್ಲ" ಅಂದ. ಅಂದವನು ತಾನೇ ಸುಮ್ಮನಾದ.

ದೇವದುರ್ಗ ಇರುವುದು ರಾಯಚೂರು ಜಿಲ್ಲೆಯಲ್ಲೇ. ರಾಜ್ಯದ ಯಾವ ಭಾಗ ಎಷ್ಟು ಹಿಂದುಳಿದಿದೆ ಎಂದು ನೋಡಲು ಸರ್ಕಾರ ನೇಮಿಸಿದ್ದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ಅತ್ಯಂತ ಹಿಂದುಳಿದವು ಎಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ ಅದೂ ಒಂದು. ತನ್ನೂರಿನ ಎರೆಹೊಲದಲ್ಲಿ ವರ್ಷವಿಡೀ ದುಡಿದು ಕಾಣದ ದುಡ್ಡನ್ನು ಆ ಮನುಷ್ಯ ಆರು ತಿಂಗಳ ಗುಳೆಯಲ್ಲಿ ಕಾಣುತ್ತಾನೆ. ಕೈ ಅದೇ, ಬೆನ್ನು ಅದೇ. ಹಾಗಾದರೆ ಬದಲಾದದ್ದು ಏನು?

ಈ ಪ್ರಶ್ನೆಯೇ ನನ್ನ ಕಸುಬಾಗಿತ್ತು. ನಾನು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನವನು, ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕಡೆಭಾಗದ ಒಂದು ಹಳ್ಳಿಯವನು. ಕೃಷಿ ಅಂಕಿ-ಅಂಶದ ಕೆಲಸದಲ್ಲಿ ಮೂವತ್ತು ವರ್ಷ ಕಳೆದೆ. ಅದರಲ್ಲಿ ಎಂಟು ವರ್ಷ ಸಿಂಧನೂರು, ಮಾನ್ವಿ ಸೀಮೆಯಲ್ಲಿ ಗದ್ದೆ ತುಳಿದಿದ್ದೇನೆ. ಅಲ್ಲಿಗೆ ಹೋಗುವಾಗ ನನ್ನ ತಲೆಯಲ್ಲೂ ಅಣ್ಣನ ಮಗನ ಮಾತೇ ಇತ್ತು. ಹಗ್ಗ, ಗೂಟ, ತಕ್ಕಡಿ ಹಿಡಿದು ಅಳೆಯುತ್ತಾ ಹೋದಂತೆ ಅದು ಕರಗಿತು. ನೀವೂ ಅಳೆಯಬಹುದು. ಬೇಕಾದದ್ದು ಒಂದು ಸುಗ್ಗಿ, ಒಂದು ನೋಟ್‌ಬುಕ್ಕು, ನಾಲ್ಕು ಹಿರಿಯರ ಪರಿಚಯ.

ಮೊದಲು ಒಂದು ಗದ್ದೆಯನ್ನು ಸರಿಯಾಗಿ ಅಳೆಯಿರಿ

ಇಳುವರಿ ಎಷ್ಟು ಅಂತ ಚಾವಡಿಯಲ್ಲಿ ಕೇಳಿದರೆ ಬರುವ ಉತ್ತರ ನಂಬಬೇಡಿ. ಹೆಣ್ಣು ಕೊಡುವವರ ಮುಂದೆ ಒಂದು ಲೆಕ್ಕ, ಸಾಲ ಕೇಳುವವರ ಮುಂದೆ ಇನ್ನೊಂದು, ವಿಮೆಯವರ ಮುಂದೆ ಮತ್ತೊಂದು. ಯಾರನ್ನೂ ಸುಳ್ಳುಗಾರರು ಅನ್ನುತ್ತಿಲ್ಲ. ಯಾರ ಮನೆಯಲ್ಲೂ ಎಕರೆ ಇಷ್ಟು, ತೂಕ ಇಷ್ಟು ಎಂದು ಬರೆದಿಟ್ಟಿರುವುದಿಲ್ಲ, ಅಷ್ಟೇ. ನಾವು ಮಾಡುತ್ತಿದ್ದದ್ದು ಬೆಳೆ ಕಟಾವು ಪ್ರಯೋಗ. ಅದರ ಬಗೆ ಹೀಗೆ.

ಕೊಯ್ಲಿಗೆ ಬಂದ ಗದ್ದೆಯನ್ನು ಚೀಟಿ ಎತ್ತಿ ಆರಿಸಿ. ಚೆನ್ನಾಗಿ ಕಾಣುವುದನ್ನೂ ಬೇಡ, ಒಣಗಿದ್ದನ್ನೂ ಬೇಡ, ಚೀಟಿಯಲ್ಲಿ ಬಂದ ಸರ್ವೆ ನಂಬರಿಗೇ ಹೋಗಿ. ಗದ್ದೆಯ ನೈಋತ್ಯ ಮೂಲೆಯಲ್ಲಿ ನಿಂತು, ಉದ್ದಕ್ಕೆ ಎಷ್ಟು ಹೆಜ್ಜೆ, ಅಗಲಕ್ಕೆ ಎಷ್ಟು ಹೆಜ್ಜೆ ಎನ್ನುವುದಕ್ಕೂ ಚೀಟಿ ಎತ್ತಿ. ಆ ಲೆಕ್ಕಕ್ಕೆ ನಡೆದು ನಿಂತಲ್ಲಿ ಗೂಟ ಹೊಡೆಯಿರಿ. ಅಲ್ಲಿಂದ 5 ಮೀಟರ್ ಉದ್ದ, 5 ಮೀಟರ್ ಅಗಲಕ್ಕೆ ಹಗ್ಗ ಎಳೆಯಿರಿ. ಮೂಲೆಯಿಂದ ಮೂಲೆಗೆ 7.07 ಮೀಟರ್ ಬರಲೇಬೇಕು, ಬಾರದಿದ್ದರೆ ಚೌಕ ಸೊಟ್ಟಗಾಗಿದೆ ಎಂದರ್ಥ, ಬಿಚ್ಚಿ ಮತ್ತೆ ಕಟ್ಟಿ. ಇಲ್ಲಿ ಅವಸರ ಮಾಡಿದವರ ಲೆಕ್ಕ ಮುಂದೆ ಎಲ್ಲಿಯೂ ನೇರಾಗುವುದಿಲ್ಲ. ಹಗ್ಗದ ಮೇಲೆ ನಿಂತ ಪೈರಿನ ಬುಡ ಅರ್ಧಕ್ಕಿಂತ ಹೆಚ್ಚು ಒಳಗಿದ್ದರೆ ಸೇರಿಸಿ, ಹೊರಗಿದ್ದರೆ ಬಿಡಿ.

ಕೊಯ್ದು, ಅಲ್ಲೇ ತಾಡಪಾಲಿನ ಮೇಲೆ ಬಡಿದು, ತೂರಿ, ತೂಗಿ. 15 ಕೆ.ಜಿ. ಹಸಿ ಕಾಳು ಬಂತು ಎಂದುಕೊಳ್ಳಿ. ಅದನ್ನು ಬಿಸಿಲಿಗೆ ಹಾಕಿ ತೂಕ ನಿಂತ ಮೇಲೆ ಮತ್ತೆ ತೂಗಿದಾಗ 13.5 ಕೆ.ಜಿ.ಗೆ ಇಳಿಯಿತು ಎಂದುಕೊಳ್ಳಿ. 25 ಚದರ ಮೀಟರಿನ ತುಂಡು ಒಂದು ಹೆಕ್ಟೇರಿನ 400ನೇ ಒಂದು ಭಾಗ. ಅಲ್ಲಿಗೆ ಹೆಕ್ಟೇರಿಗೆ 5,400 ಕೆ.ಜಿ. ಆಯಿತು. 2.47ರಿಂದ ಭಾಗಿಸಿದರೆ ಎಕರೆಗೆ ಸುಮಾರು 2,186 ಕೆ.ಜಿ., ಅಂದರೆ ಸಿಂಧನೂರಿನವರು ಲೆಕ್ಕ ಹಾಕುವ 75 ಕೆ.ಜಿ. ಚೀಲದಲ್ಲಿ 29 ಚೀಲ. ಹಸಿ ತೂಕದಲ್ಲೇ ಲೆಕ್ಕ ಹಾಕಿದ್ದರೆ 32 ಚೀಲ ಅನ್ನುತ್ತಿದ್ದಿರಿ. ಎರಡು ಊರುಗಳ ನಡುವಿನ ಎಷ್ಟೋ ವ್ಯತ್ಯಾಸಗಳು ಈ ಮೂರು ಚೀಲದ ಒಳಗೇ ಮುಗಿದುಹೋಗುತ್ತವೆ.

ಬೆಳೆ ವಿಮೆ ಇರುವ ವರ್ಷ ರೈತರು ನಿಮ್ಮ ಕೈ ಹಿಡಿದು ಜೊಳ್ಳು ಬಿದ್ದ ಕಡೆಗೆ ಕರೆದೊಯ್ಯುತ್ತಾರೆ. ಅವರ ಕಷ್ಟ ನನಗೆ ಗೊತ್ತು. ಆದರೂ ಗೂಟ ಚೀಟಿ ಹೇಳಿದಲ್ಲೇ ಇರಲಿ. ಒಂದು ಗದ್ದೆ ಸಾಲದು, ಒಂದು ಬೆಳೆಗೆ ಒಂದು ಊರಿನಲ್ಲಿ ನಾಲ್ಕಾದರೂ ಮಾಡಿ ಸರಾಸರಿ ತೆಗೆಯಿರಿ.

ಯಾವುದರಿಂದ ಭಾಗಿಸುತ್ತೀರಿ?

ಉತ್ಪಾದಕತೆ ಎಂದರೆ ಬಂದದ್ದನ್ನು ಹಾಕಿದ್ದರಿಂದ ಭಾಗಿಸುವುದು. ಎಡವುವುದು ಭಾಗಿಸುವ ಕಡೆ. ಎಲ್ಲರೂ ಎಕರೆಯಿಂದಲೇ ಭಾಗಿಸುತ್ತಾರೆ. ಆಳಿನ ದಿನದಿಂದಲೂ ಭಾಗಿಸಿ, ನೀರಿನಿಂದಲೂ ಭಾಗಿಸಿ. ಮೂರೂ ಬೇರೆ ಬೇರೆ ಕಥೆ ಹೇಳುತ್ತವೆ.

ಕುಡುಗೋಲು ಹಿಡಿದು ಒಂದು ಎಕರೆ ಭತ್ತ ಕೊಯ್ದು, ಕಟ್ಟು ಕಟ್ಟಿ, ಬಡಿಯುವುದಕ್ಕೆ ಹತ್ತು-ಹನ್ನೆರಡು ಆಳಿಗೂ ಮಿಕ್ಕಿ ಬೇಕಿತ್ತು. ಕಟಾವು ಯಂತ್ರ ಗದ್ದೆಗೆ ಇಳಿದರೆ ಹೆಚ್ಚೂಕಡಿಮೆ ಒಂದು ಗಂಟೆ. ಎಕರೆಗೆ ಬಂದ ಚೀಲ ಅಷ್ಟೇ, ಆಳಿಗೆ ಬಂದ ಚೀಲ ಎಷ್ಟೋ ಪಟ್ಟು. ನೀರಿನಿಂದ ಭಾಗಿಸಿದರೆ ಚಿತ್ರ ಮತ್ತೊಂದು ಕಡೆ ತಿರುಗುತ್ತದೆ. ಒಂದು ಎಕರೆ ಭತ್ತ ಕುಡಿಯುವ ನೀರಿನಲ್ಲಿ ಎರಡು-ಮೂರು ಎಕರೆ ಜೋಳವನ್ನೋ ಹತ್ತಿಯನ್ನೋ ದಡ ಹತ್ತಿಸಬಹುದು. ನೆಲ ಸಾಲದ ಊರಿಗೆ ಎಕರೆಯ ಲೆಕ್ಕ ಮುಖ್ಯ, ಆಳು ಸಿಗದ ಊರಿಗೆ ಆಳಿನ ಲೆಕ್ಕ, ಕಾಲುವೆಯ ಕೊನೆಯಲ್ಲಿರುವ ಊರಿಗೆ ನೀರಿನದ್ದು. ನಿಮ್ಮೂರಿಗೆ ಯಾವುದು ಕಮ್ಮಿ ಎಂದು ಮೊದಲು ಕೇಳಿಕೊಳ್ಳಿ, ಆಮೇಲೆ ಭಾಗಿಸಿ.

ರೂಪಾಯಿ ಲೆಕ್ಕಕ್ಕೆ ಬಂದಾಗ ಇನ್ನೊಂದು ಎಚ್ಚರ ಬೇಕು. ಸಿಂಧನೂರಿನ ಕ್ಷೌರಿಕನೂ ಬೆಂಗಳೂರಿನ ಜಯನಗರದ ಕ್ಷೌರಿಕನೂ ಅರ್ಧ ಗಂಟೆಯಲ್ಲಿ ಒಂದು ತಲೆ ಮುಗಿಸುತ್ತಾರೆ. ಕತ್ತರಿ ಒಂದೇ, ಕೈಚಳಕ ಒಂದೇ. ಜಯನಗರದಲ್ಲಿ ಅದಕ್ಕೆ ಎರಡು-ಮೂರು ಪಟ್ಟು ಹಣ. ತಲೆ ಕೊಟ್ಟು ಕೂತವರ ಸಂಪಾದನೆ ಅಲ್ಲಿ ದೊಡ್ಡದು. ಅಂಗಡಿ ಬಾಡಿಗೆಯೂ ದೊಡ್ಡದು. ಕಾಗದದ ಮೇಲೆ ಮಾತ್ರ ಜಯನಗರದವನ ಉತ್ಪಾದಕತೆ ಮೂರು ಪಟ್ಟು ಕಾಣುತ್ತದೆ. ಜಿಲ್ಲಾವಾರು ತಲಾ ಆದಾಯ ಓದುವಾಗ ಇದನ್ನು ಮರೆಯಬೇಡಿ.

ಎರಡನ್ನು ಜೋಡಿಸಿ ನೋಡಿ

ವ್ಯತ್ಯಾಸದ ಕಾರಣ ಹುಡುಕಲು ನಾನು ಕಲಿತ ಒಂದೇ ದಾರಿ: ಹೆಚ್ಚುಕಡಿಮೆ ಎಲ್ಲದರಲ್ಲೂ ಸಮನಾಗಿರುವ, ಒಂದರಲ್ಲಿ ಮಾತ್ರ ಬೇರೆಯಾಗಿರುವ ಎರಡು ಜಾಗ ಆರಿಸಿಕೊಳ್ಳುವುದು.

ಮಂಡ್ಯ, ರಾಯಚೂರನ್ನೇ ತೆಗೆದುಕೊಳ್ಳಿ. ಮಳೆ ಎರಡೂ ಕಡೆ ವರ್ಷಕ್ಕೆ ಸುಮಾರು 600ರಿಂದ 700 ಮಿಲಿಮೀಟರ್. ಆಕಾಶ ಇಬ್ಬರಿಗೂ ಒಂದೇ ಅಳತೆಯಲ್ಲಿ ಕೊಟ್ಟಿದೆ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿ 1930ರ ದಶಕದ ಆರಂಭಕ್ಕೆ ಮುಗಿಯಿತು. ಆಗ ಇರ್ವಿನ್ ನಾಲೆ ಎನ್ನುತ್ತಿದ್ದ ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿಯಿತು. ಅದರ ಬೆನ್ನಿಗೇ 1931ರಲ್ಲಿ ಸಂಶೋಧನಾ ಫಾರಂ, ಜನ ಇವತ್ತಿಗೂ ವಿ.ಸಿ. ಫಾರಂ ಎನ್ನುವುದು ಅದನ್ನೇ. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ, 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆ. ನೀರು, ಬೀಜ, ಕಬ್ಬು ಕೊಳ್ಳುವ ಕಾರ್ಖಾನೆ, ಕಚೇರಿ, ಎಲ್ಲ ಹತ್ತು ವರ್ಷದೊಳಗೆ ಒಂದರ ಪಕ್ಕ ಒಂದು ಬಂದು ಕೂತವು. ಒಂದರಿಂದ ಇನ್ನೊಂದಕ್ಕೆ ಬಲ ಬಂತು. ನಾಲೆಯ ಜೊತೆ ಚಳಿಜ್ವರವೂ ಬಂತು ಎಂದು ನಮ್ಮಜ್ಜಿ ಹೇಳುತ್ತಿದ್ದರು. ನಾಟಿ ಕಾಲಕ್ಕೆ ಮನೆಮಂದಿಯೆಲ್ಲ ಕಂಬಳಿ ಹೊದ್ದು ನಡುಗುತ್ತಾ ಮಲಗಿರುತ್ತಿದ್ದರಂತೆ. ಮಲೇರಿಯಾ ಹತೋಟಿಗೆ ಬಂದ ಮೇಲೆಯೇ ನೀರಿನ ಪೂರ್ತಿ ಫಲ ಕೈಗೆ ಸಿಕ್ಕಿದ್ದು. ಆರೋಗ್ಯದ ಖಾತೆ ಬೇರೆ, ಇಳುವರಿಯ ಖಾತೆ ಬೇರೆ ಎಂದು ಬರೆಯಬೇಡಿ.

ರಾಯಚೂರು ಆಗ ನಿಜಾಮರ ಹೈದರಾಬಾದಿನಲ್ಲಿತ್ತು. 1948ರವರೆಗೆ ನಿಜಾಮರ ಆಳ್ವಿಕೆ, ಆಮೇಲೂ ಹೈದರಾಬಾದ್ ರಾಜ್ಯದಲ್ಲೇ ಇದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಹೊಸಪೇಟೆ ಬಳಿ ತುಂಗಭದ್ರಾ ಅಣೆಕಟ್ಟು ಮುಗಿದದ್ದು 1953ರಲ್ಲಿ. ಮಂಡ್ಯಕ್ಕಿಂತ ಎರಡು ದಶಕ ತಡ. ಮಂಡ್ಯದಲ್ಲಿ ನೀರಿನ ಹಿಂದೆಯೇ ಬಂದ ಫಾರಂ, ಕಾರ್ಖಾನೆ, ಶಾಲೆ ಅಲ್ಲಿಗೆ ಅದೇ ವೇಗದಲ್ಲಿ ಬರಲಿಲ್ಲ. 2011ರ ಜನಗಣತಿಯಲ್ಲಿ ಮಂಡ್ಯದ ಸಾಕ್ಷರತೆ ಶೇ. 70.40, ರಾಯಚೂರಿನದು ಶೇ. 59.56, ಯಾದಗಿರಿಯದು ಶೇ. 51.83. ದಕ್ಷಿಣ ಕನ್ನಡದ್ದು ಶೇ. 88.57. ಹಿಂದುಳಿದಿರುವಿಕೆಗೆ ಉತ್ತರ-ದಕ್ಷಿಣ ಎಂಬ ಒಂದೇ ಗೆರೆ ಎಳೆಯುವವರಿಗೆ ಇಷ್ಟು ಹೇಳುತ್ತೇನೆ: ನಂಜುಂಡಪ್ಪ ಸಮಿತಿ 175 ತಾಲ್ಲೂಕು ಪರಿಶೀಲಿಸಿ 114ನ್ನು ಹಿಂದುಳಿದವು ಎಂದಿತು. ಅದರಲ್ಲಿ ಉತ್ತರದವು 59, ದಕ್ಷಿಣದವೂ 55.

ಆದರೆ ಮಂಡ್ಯ-ರಾಯಚೂರಿನ ಜೋಡಿಯಲ್ಲಿ ಬೇರೆಯಾಗಿರುವ ಸಂಗತಿಗಳು ಬಹಳ. ಅದಕ್ಕಿಂತ ಬಿಗಿಯಾದ ಜೋಡಿ ನನಗೆ ಸಿಕ್ಕಿದ್ದು ಒಂದೇ ಕಾಲುವೆಯ ಮೇಲೆ.

ತುಂಗಭದ್ರಾ ಎಡದಂಡೆ ಕಾಲುವೆ ಇನ್ನೂರು ಕಿಲೋಮೀಟರಿಗೂ ಉದ್ದ. ಗಂಗಾವತಿ, ಸಿಂಧನೂರು ದಾಟಿ ಮಾನ್ವಿ, ರಾಯಚೂರಿನ ಕಡೆ ಹೋಗುತ್ತದೆ. ಮೇಲಿನ ಊರಿನಲ್ಲಿ ನಿಂತು ಸುತ್ತ ನೋಡಿದರೆ ಭತ್ತವೇ ಭತ್ತ, ಅಕ್ಕಿ ಗಿರಣಿಗಳ ಸಾಲು, ಟ್ರ್ಯಾಕ್ಟರ್ ಷೋರೂಮು. ಕೊನೆಯ ವಿತರಣಾ ಕಾಲುವೆಗಳ ಕಡೆ ಹೋದರೆ ತೂಬಿನ ಮುಂದೆ ಜಾಲಿ ಬೆಳೆದಿರುತ್ತದೆ. ನೆಲ ಅದೇ ಎರೆ ಭೂಮಿ, ಆಡುವ ಮಾತು ಅದೇ, ಜಿಲ್ಲೆ ಅದೇ, ಅಣೆಕಟ್ಟೂ ಅದೇ. ಅಲ್ಲೊಬ್ಬ ಹಿರಿಯರು ನನ್ನ ಹಗ್ಗ ನೋಡಿ ಹೇಳಿದರು: "ಸಾಹೇಬ್ರ, ಬೆಳಿ ಅಳಿಯಾಕ ಬಂದೀರಿ ಚಲೋ ಆತು. ಹಂಗ ಕಾಲುವ್ಯಾಗಿನ ನೀರೂ ಅಳದು ಹೋಗ್ರಿ. ಕಾಲುವಿ ಐತ್ರಿ, ನೀರ ಇಲ್ರಿ."

ನಾನು ಅಂದಿನಿಂದ ನೀರಿನ ದಿನಾಂಕ ಬರೆಯಲು ಶುರು ಮಾಡಿದೆ. ನೀವೂ ಬರೆಯಿರಿ. ತೂಬಿಗೆ ನೀರು ಬಂದ ದಿನ, ನಿಂತ ದಿನ, ನಾಟಿಯಾದ ದಿನ. ಈ ಮೂರು ದಿನಾಂಕ ಯಾವ ವರದಿಗಿಂತಲೂ ಹೆಚ್ಚು ಹೇಳುತ್ತವೆ.

ಕಾರಣ ಕೆದಕುತ್ತಾ ಹೋದರೆ ಅದು ಅಣೆಕಟ್ಟಿನ ಮೂಲ ಯೋಜನೆಯಲ್ಲೇ ಸಿಗುತ್ತದೆ. ಬರಕ್ಕೆ ಸಿಕ್ಕಿ ನರಳುವ ಸೀಮೆಯಲ್ಲಿ ನೀರನ್ನು ತೆಳುವಾಗಿ, ದೂರದವರೆಗೆ ಹರಡಬೇಕು ಎಂಬುದು ಆಗಿನ ಉದ್ದೇಶ. ಯಾವ ಸರ್ವೆ ನಂಬರಿಗೆ ಯಾವ ಬೆಳೆ ಎಂದು ಗೊತ್ತುಪಡಿಸಿದ್ದರು. ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳೇ ಹೆಚ್ಚು, ಭತ್ತಕ್ಕೆ ಸಣ್ಣ ಪಾಲು. ಇದನ್ನೇ ಅಲ್ಲಿಯವರು ಲೋಕಲೈಸೇಶನ್ ಎನ್ನುವುದು. ಆಮೇಲೆ ಕರಾವಳಿ ಆಂಧ್ರದ ರೈತರು ಬಂದು ಜಮೀನು ಕೊಂಡು ಕ್ಯಾಂಪು ಎನ್ನುವ ಹೊಸ ಊರುಗಳನ್ನು ಕಟ್ಟಿದರು. ಭತ್ತದ ಕೆಲಸ ಅವರಿಗೆ ಕರಗತ. ಏರುತಗ್ಗಿನ ಎರೆಹೊಲವನ್ನು ಮಟ್ಟ ಮಾಡಿ ಗದ್ದೆ ಮಾಡಿದರು. ಅವರ ದುಡಿಮೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದರ ಮೇಲೆ ನನಗೆ ಗೌರವವಿದೆ. ನೋಡನೋಡುತ್ತ ಮೇಲ್ಭಾಗದ ಸ್ಥಳೀಯರೂ ಭತ್ತಕ್ಕೇ ಇಳಿದರು. ಮೇಲೆ ಎಕರೆಗೆ ಇಳುವರಿ ಏರಿತು. ಕೆಳಗೆ ಹರಿಯಬೇಕಾದ ನೀರು ಮೇಲೆಯೇ ನಿಂತಿತು.

ಕೊನೆಭಾಗದಲ್ಲಿ ಇಳುವರಿ ಬೀಳುವುದು ನೀರಿನ ಕೊರತೆ ಒಂದರಿಂದಲೇ ಅಲ್ಲ. ಅದಕ್ಕೂ ಹೆಚ್ಚಾಗಿ ಕಾಡುವುದು ಅನುಮಾನ. ನೀರು ಬಂದೀತೋ ಬಾರದೋ ಗೊತ್ತಿಲ್ಲದ ರೈತ ಒಳ್ಳೆಯ ಬೀಜಕ್ಕೆ ದುಡ್ಡು ಹಾಕುವುದಿಲ್ಲ, ಎರಡು ಚೀಲ ಗೊಬ್ಬರ ಬೇಕಾದಲ್ಲಿ ಒಂದು ಹಾಕುತ್ತಾನೆ. ಹೊಲ ಮಟ್ಟ ಮಾಡಿಸುವುದನ್ನು ಮುಂದಿನ ವರ್ಷಕ್ಕೆ ದೂಡುತ್ತಾನೆ. ಹಾಗೆ ಮಾಡುವುದು ಅವನ ಪಾಲಿಗೆ ಸರಿಯಾದ ಲೆಕ್ಕವೇ. ದಲಾಲಿ ಅಂಗಡಿಯಲ್ಲಿ ಉದ್ರಿ ತಂದು ಸುರಿದ ವರ್ಷ ನೀರು ಕೈಕೊಟ್ಟರೆ ಹೊಲವನ್ನೇ ಬಿಡಬೇಕಾಗುತ್ತದೆ. ಉದ್ರಿ ಕೊಟ್ಟ ಅಂಗಡಿಗೇ ಬೆಳೆ ಹಾಕಬೇಕು, ಅಲ್ಲಿ ಕಟ್ಟಿದ್ದೇ ದರ. ಲೀಜಿಗೆ ಹೊಲ ಮಾಡುವವರ ಪಾಡು ಇನ್ನೂ ಕಷ್ಟ. 1974ರ ಭೂಸುಧಾರಣೆ ತಿದ್ದುಪಡಿಯಿಂದ ಉಳುವವನಿಗೆ ಭೂಮಿ ಬಂತು, ದೊಡ್ಡ ಕೆಲಸವೇ ಸರಿ. ಆದರೆ ಗೇಣಿಗೆ ಕೊಡುವುದು ನಿಷೇಧವಾದ ಕಾರಣ ಇವತ್ತಿನ ಲೀಜುಗಳೆಲ್ಲ ಬಾಯಿಮಾತಿನವು. ಪಹಣಿಯಲ್ಲಿ ಹೆಸರಿಲ್ಲದವನಿಗೆ ಬೆಳೆ ಸಾಲವೂ ಸುಲಭಕ್ಕಿಲ್ಲ, ನೆಲವನ್ನು ತಿದ್ದುವ ಧೈರ್ಯವೂ ಇಲ್ಲ.

ಆದ್ದರಿಂದ ಎರಡು ಗದ್ದೆಗಳನ್ನು ಹೋಲಿಸುವಾಗ ಈ ಪ್ರಶ್ನೆಗಳನ್ನು ಕೇಳಲೇಬೇಕು. ಬಿತ್ತುವ ದಿನ ನೀರಿನ ಬಗ್ಗೆ ಇವರಿಗೆ ಎಷ್ಟು ಭರವಸೆ ಇತ್ತು? ನೆಲ ಯಾರ ಹೆಸರಿನಲ್ಲಿದೆ? ಸಾಲ ಎಲ್ಲಿಯದು? ಬೆಳೆದದ್ದನ್ನು ಎಲ್ಲಿ ಮಾರಬಹುದು? ಹೊಲದಿಂದ ಮಾರುಕಟ್ಟೆಗೆ ಮಳೆಗಾಲದಲ್ಲಿ ಗಾಡಿ ಹೋಗುತ್ತದೆಯೇ? ಇವನ್ನು ಕೇಳುವಾಗ ಪುಸ್ತಕ ತೆಗೆಯಬೇಡಿ. ಕಟ್ಟೆ ಮೇಲೆ ಕೂತು ಚಹಾ ಕುಡಿಯುತ್ತಾ ಕೇಳಿ, ಮನೆಗೆ ಬಂದು ಬರೆಯಿರಿ.

ಇನ್ನು ಮೇಲ್ಭಾಗ ಸುಖವಾಗಿದೆಯೇ ಎಂದರೆ ಅಲ್ಲೂ ಕಾಲ ತಿರುಗುತ್ತಿದೆ. ಎರೆ ಭೂಮಿ ನೀರನ್ನು ಬಿಟ್ಟುಕೊಡುವುದಿಲ್ಲ. ಬಸಿಗಾಲುವೆ ಇಲ್ಲದೆ ವರ್ಷಕ್ಕೆರಡು ಭತ್ತ ಬೆಳೆದ ಕಡೆ ಉಪ್ಪು ಮೇಲಕ್ಕೆ ಬಂದು ನೆಲ ಸವಳು ಬೀಳುತ್ತದೆ. ಬೇಸಿಗೆಯಲ್ಲಿ ಗದ್ದೆಯ ಮೇಲೆ ಬಿಳಿ ಪುಡಿ ಉದುರಿಸಿದ ಹಾಗೆ ಕಂಡರೆ ಅದೇ. ಜಲಾಶಯದಲ್ಲೂ ಹೂಳು ತುಂಬಿದೆ. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದದ್ದು ಈಗ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ನೀರು ನದಿ ಪಾಲಾದಾಗ ಇಡೀ ಅಚ್ಚುಕಟ್ಟಿನಲ್ಲಿ ಯಾರೂ ನಿದ್ದೆ ಮಾಡಿರಲಾರರು. ನಾನು ಇಲ್ಲಿ ಮದ್ದೂರಿನಲ್ಲಿ ಕೂತೇ ನಿದ್ದೆ ಮಾಡಲಿಲ್ಲ. ಹಳೆಯ ಪರಿಚಯದವರಿಗೆ ಒಬ್ಬೊಬ್ಬರಿಗೇ ಫೋನು ಮಾಡುತ್ತಾ ಬೆಳಗು ಹರಿಸಿದೆ. ಒಂದು ಸೀಮೆಯ ಉತ್ಪಾದಕತೆ ಒಮ್ಮೆ ಏರಿದ ಮೇಲೆ ಅಲ್ಲೇ ನಿಲ್ಲುತ್ತದೆ ಅನ್ನುವವರು ಒಂದು ಸಲ ಆ ಸವಳು ಗದ್ದೆಗಳಲ್ಲಿ ನಡೆದು ಬರಲಿ.

ಹಿಂದಕ್ಕೆ ಹೋಗುವಾಗ

ಕಾಲದಿಂದ ಕಾಲಕ್ಕೆ ಹೋಲಿಸಲು ಅಜ್ಜಂದಿರೂ ಬೇಕು, ಕಾಗದವೂ ಬೇಕು. ಜಿಲ್ಲಾ ಸಾಂಖ್ಯಿಕ ಕಚೇರಿಯಲ್ಲಿ 'ಜಿಲ್ಲಾ ಅಂಕಿ-ಅಂಶಗಳ ನೋಟ'ದ ಹಳೆಯ ಸಂಪುಟಗಳು ಸಿಗುತ್ತವೆ. ರಾಜ್ಯದ ಆರ್ಥಿಕ ಸಮೀಕ್ಷೆ ಪ್ರತಿವರ್ಷ ಬಜೆಟ್ಟಿನ ಹೊತ್ತಿಗೆ ಬರುತ್ತದೆ. ಮಾದರಿಗೆ ಒಂದೇ ಬೆಳೆ ಹಿಡಿದುಕೊಳ್ಳಿ. ನಾನು ಹಿಡಿದದ್ದು ರಾಗಿ.

ನಮ್ಮ ತಾತನ ಕಾಲದ ಹೊಲದಲ್ಲೇ, ಅದೇ ಕೆಂಪು ಮಣ್ಣಿನಲ್ಲೇ, ಅಷ್ಟೇ ಮಳೆಯಲ್ಲೇ ರಾಗಿಯ ಇಳುವರಿ ಜಿಗಿದದ್ದು 'ಇಂಡಾಫ್' ತಳಿಗಳು ಬಂದ ಮೇಲೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಇಂಡಿಯಾದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ತೆಗೆದ ತಳಿಗಳು ಅವು. ಹೆಸರಿನಲ್ಲೇ ಎರಡೂ ನಾಡುಗಳಿವೆ. ರಾಗಿ ಹೂವು ಸಾಸಿವೆಗಿಂತ ಸಣ್ಣದು, ಅದರಲ್ಲಿ ಸಂಕರ ಮಾಡುವುದು ಸಾಧ್ಯವೇ ಇಲ್ಲ ಎನ್ನುವ ಕಾಲ ಅದು. ವರ್ಷಗಟ್ಟಲೆ ಕೂತು ಮಾಡಿದರು. ನಾಡಿನ ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ನಮ್ಮಪ್ಪ ಮೊದಲ ಸಲ ಇಂಡಾಫ್ ಬಿತ್ತಿದ ವರ್ಷ ಕಣದಲ್ಲಿ ರಾಶಿ ನೋಡಿ, ಪೂಜೆ ಮಾಡಿದ ಮೇಲೂ ಅಳೆಯಲು ಕೈಹಾಕದೆ ಸುಮ್ಮನೆ ನಿಂತಿದ್ದರು. ಆಮೇಲೆ ಬಂದ ಜಿಪಿಯು-28 ಎಂಬ ತಳಿ ಬೆಂಕಿ ರೋಗವನ್ನು ತಡೆಯಿತು. ಇಲ್ಲಿ ನೆಲ ಹೆಚ್ಚಲಿಲ್ಲ, ಆಳು ಹೆಚ್ಚಲಿಲ್ಲ, ನೀರೂ ಹೆಚ್ಚಲಿಲ್ಲ. ತಿಳಿವಳಿಕೆ ಒಂದು ಬೀಜದೊಳಗೆ ಹೊಕ್ಕು ಹೊಲಕ್ಕೆ ಬಂತು.

ಅರ್ಥಶಾಸ್ತ್ರಜ್ಞ ರಾಬರ್ಟ್ ಸೋಲೋ 1957ರಲ್ಲಿ ಅಮೆರಿಕದ ನಲವತ್ತು ವರ್ಷಗಳ ಲೆಕ್ಕ ಹಾಕಿ ತೋರಿಸಿದ್ದೂ ಇದನ್ನೇ. ಗಂಟೆಯ ದುಡಿಮೆಗೆ ಬರುವ ಉತ್ಪನ್ನ ಏರಿದ್ದರಲ್ಲಿ ಎಂಟನೇ ಒಂದು ಪಾಲನ್ನು ಮಾತ್ರ ಹೆಚ್ಚಿದ ಯಂತ್ರ, ಬಂಡವಾಳಗಳಿಂದ ವಿವರಿಸಬಹುದು, ಉಳಿದ ಏಳು ಪಾಲು ಮಾಡುವ ಬಗೆ ಬದಲಾದದ್ದರಿಂದ ಬಂದದ್ದು ಎಂದರು. ತರಬೇತಿಯಲ್ಲಿ ಇದನ್ನು ಸೂತ್ರವಾಗಿ ಬರೆಸಿದಾಗ ನನಗೆ ಅರ್ಥವಾಗಿರಲಿಲ್ಲ. ಅಪ್ಪನ ಕಣ ನೆನಪಾದಾಗ ಅರ್ಥವಾಯಿತು.

ಹಿಂದಿನದನ್ನು ಹೋಲಿಸುವವರು ಬೀಳುವ ಗುಂಡಿ ಎರಡು. ಒಂದು, ರೂಪಾಯಿಯಲ್ಲಿ ಹೋಲಿಸುವುದು. ಬೆಲೆ ಏರಿದ್ದನ್ನೇ ಬೆಳೆ ಏರಿತು ಎಂದುಕೊಳ್ಳುತ್ತಾರೆ. ಕ್ವಿಂಟಾಲಿನಲ್ಲಿ ಹೋಲಿಸಿ, ರೂಪಾಯಿಯೇ ಬೇಕಾದರೆ ಸರ್ಕಾರ ಕೊಡುವ ಸ್ಥಿರ ಬೆಲೆಯ ಅಂಕಿಗಳನ್ನು ತೆಗೆದುಕೊಳ್ಳಿ. ಇನ್ನೊಂದು, ಬರದ ವರ್ಷದಿಂದ ಎಣಿಸಲು ಶುರು ಮಾಡುವುದು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾಗಿದ್ದವು. ಅಲ್ಲಿಂದ ಎಣಿಸಿದರೆ ಮರುವರ್ಷ ಎಲ್ಲ ಊರಿನವರೂ ಜಾಣರಾಗಿ ಕಾಣುತ್ತಾರೆ. ಐದು ವರ್ಷದ ಸರಾಸರಿಯನ್ನು ಇನ್ನೊಂದು ಐದು ವರ್ಷದ ಸರಾಸರಿಯ ಪಕ್ಕ ಇಡಿ.

ಹಾಗಾದರೆ ಬೆಂಗಳೂರು?

ಅಣ್ಣನ ಮಗ ಕೇಳಿದ್ದು ಇದನ್ನೇ. ಗದ್ದೆಯ ಮಾತು ಸರಿ, ದೇವದುರ್ಗದ ಮನುಷ್ಯ ಬೆಂಗಳೂರಿನ ಸೈಟಿಗೆ ಬಂದ ತಕ್ಷಣ ಅವನ ಕೂಲಿ ಏರುವುದು ಯಾಕೆ?

ಅವನ ಸುತ್ತ ಏನೇನಿದೆ ಎಂದು ಒಂದು ದಿನ ಪಟ್ಟಿ ಮಾಡು ಎಂದೆ. ಮಾಡಿದ. ರೆಡಿಮಿಕ್ಸ್ ಗಾಡಿ, ಎತ್ತುವ ಯಂತ್ರ, ಕತ್ತರಿಸಿ ಬಗ್ಗಿಸಿ ತಂದ ಕಬ್ಬಿಣ, ಮೂರು ಕಿಲೋಮೀಟರಿನೊಳಗೆ ಸಿಗುವ ಬಿಡಿಭಾಗ, ನಕ್ಷೆ ಓದಬಲ್ಲ ಮೇಸ್ತ್ರಿ, ಈ ಸೈಟು ಮುಗಿದರೆ ಪಕ್ಕದ ಸೈಟು. ಒಂದು ದಿನವೂ ಕೈ ಖಾಲಿ ಇರುವುದಿಲ್ಲ. ಊರಿನಲ್ಲಿ ಅದೇ ಮನುಷ್ಯ ಮಳೆ ಬಂದು ಹದವಾಗಲು ಕಾಯಬೇಕು, ಬಾಡಿಗೆ ಟ್ರ್ಯಾಕ್ಟರಿಗೆ ಕಾಯಬೇಕು, ಕರೆಂಟಿಗೆ ಕಾಯಬೇಕು. ಕಾಯುವ ದಿನಗಳೂ ಭಾಗಿಸುವ ಅಂಕಿಯೊಳಗೆ ಸೇರುತ್ತವೆ ಎಂಬುದನ್ನು ಮರೆತೇಬಿಡುತ್ತೇವೆ. ಅವನ್ನು ಸೋಮಾರಿತನ ಎಂದು ಬರೆದುಕೊಳ್ಳುವುದು ದೊಡ್ಡ ಅನ್ಯಾಯ, ಅದನ್ನು ಕೇಳಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಬೆಂಗಳೂರಿನ ಸುತ್ತ ಇಷ್ಟೆಲ್ಲ ಒಟ್ಟಾದದ್ದೂ ಒಂದು ದಿನದಲ್ಲಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿದೀಪಕ್ಕೆ ಬಂತು. 1909ರಲ್ಲಿ ವಿಜ್ಞಾನ ಸಂಸ್ಥೆ, 1940ರಲ್ಲಿ ವಿಮಾನ ಕಾರ್ಖಾನೆ, ಸ್ವಾತಂತ್ರ್ಯದ ನಂತರ ಸಾಲುಸಾಲಾಗಿ ಸಾರ್ವಜನಿಕ ಉದ್ಯಮಗಳು. ಕೆಲಸ ಕಲಿತವರು ಒಂದು ಕಡೆ ಸೇರಿದರೆ ಕೆಲಸ ಕೊಡುವವರೂ ಅಲ್ಲಿಗೇ ಬರುತ್ತಾರೆ, ಅವರು ಬಂದರೆಂದು ಇನ್ನಷ್ಟು ಜನ ಬರುತ್ತಾರೆ. ರಾಜ್ಯದ ಒಟ್ಟು ಉತ್ಪನ್ನದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇವತ್ತು ಬೆಂಗಳೂರು ನಗರ ಜಿಲ್ಲೆಯೊಂದರಿಂದಲೇ ಬರುತ್ತಿದೆ. ಸಂವಿಧಾನದ 371ಜೆ ವಿಧಿ ರಾಯಚೂರೂ ಸೇರಿದ ಕಲ್ಯಾಣ ಕರ್ನಾಟಕಕ್ಕೆ ಓದಿನಲ್ಲೂ ನೌಕರಿಯಲ್ಲೂ ಮೀಸಲು ಕೊಟ್ಟದ್ದು ಈ ಸುರುಳಿಯನ್ನು ಆ ಕಡೆಯಲ್ಲೂ ಶುರು ಮಾಡಿಸಲು. ನನ್ನ ಮಟ್ಟಿಗೆ ಅದು ಸರಿಯಾದ ಹೆಜ್ಜೆ, ಆದರೆ ಕಾಲುವೆಯ ಕೊನೆಗೆ ನೀರು ಮುಟ್ಟಿಸುವ ಕೆಲಸಕ್ಕೆ ಅದು ಬದಲಿಯಾಗಲಾರದು.

ನೋಟ್‌ಬುಕ್ಕಿನ ವಿಷಯ ಹೇಳಿ ಮುಗಿಸುತ್ತೇನೆ. ಎಡಪುಟದಲ್ಲಿ ಅಳತೆ ಮಾತ್ರ ಇರಲಿ: ಸರ್ವೆ ನಂಬರು, ತೂಕ, ಆಳಿನ ದಿನ, ನೀರಿನ ದಿನಾಂಕ, ಗ್ರಾಮ ಪಂಚಾಯಿತಿ ಮಳೆಮಾಪಕದ ಅಂಕಿ. ಬಲಪುಟದಲ್ಲಿ ಜನ ಹೇಳಿದ ಕಾರಣ, ಅವರದೇ ಮಾತಿನಲ್ಲಿ. ನಿಮ್ಮ ಅಭಿಪ್ರಾಯವನ್ನು ಮೂರು ಸುಗ್ಗಿ ಮುಗಿಯುವವರೆಗೆ ಎಲ್ಲೂ ಬರೆಯಬೇಡಿ.

ಈ ಸಲ ಕೊಯ್ಲಿಗೆ ಅಣ್ಣನ ಮಗ ರಜೆ ಹಾಕಿ ಬಂದ. ಜೊತೆಗೆ ಅವನ ಸೈಟಿನ ದೇವದುರ್ಗದ ಹುಡುಗನೂ ಬಂದಿದ್ದ. ನಾಲೆಯ ಕಡೆಭಾಗದ ನಮ್ಮ ಗದ್ದೆಯಲ್ಲಿ ಇಬ್ಬರೂ ಹಗ್ಗ ಹಿಡಿದರು. ಮೊದಲ ಸಲ ಮೂಲೆಯಿಂದ ಮೂಲೆಗೆ 7.20 ಬಂತು. ಆ ಹುಡುಗನೇ "ಸೊಟ್ಟ ಐತ್ರಿ ಅಜ್ಜಾರ" ಎಂದು ಗೂಟ ಕಿತ್ತು ಮತ್ತೆ ಹೊಡೆದ. ನಾಲೆ ಮೇಲಿನ ಗದ್ದೆಯದೂ ನಮ್ಮದೂ ಎರಡು ಚೀಲಗಳ ಮೇಲೆ ಸರ್ವೆ ನಂಬರ್ ಬರೆದು ಜಗಲಿಯ ಬಿಸಿಲಿಗೆ ಇಟ್ಟಿದ್ದೇವೆ. ಹಸಿ ತೂಕ ಎಡಪುಟದಲ್ಲಿದೆ, ಒಣ ತೂಕ ಭಾನುವಾರ.